ದಡದ ಅಜ್ಜಿಗಾಗಿ ಹೊತ್ತ ಹರಕೆ

ಕೃಷ್ಣಮೂರ್ತಿಪುರಂ, ಮೈಸೂರು
10-11-2025, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ಧರಣಿಯ ಅಪ್ಪನವರಿಗೆ,

ಇವತ್ತು ಮೂರನೆಯ ಕಾರ್ತಿಕ ಸೋಮವಾರ. ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಐದು ಗಂಟೆಗೆ ಎದ್ದು ಬಾಗಿಲು ಸಾರಿಸಿ, ರಂಗೋಲಿ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ಈಶ್ವರನ ಗುಡಿಗೆ ಹೋಗಿಬಂದು, ನೀವು ಮೂಲೆಯಲ್ಲಿ ಮುದುರಿ ಎಸೆದುಹೋದ ಪಂಚೆಯನ್ನೂ ಒಗೆದು ಹರವಿ, ಈಗ ಬರೆಯಲು ಕೂತಿದ್ದೇನೆ. ಉಪವಾಸದ ದಿನ ಕೋಪ ಮಾಡಿಕೊಂಡರೆ ಅದರ ಫಲ ಹೋಗುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು. ಹೋದರೆ ಹೋಗಲಿ. ಇನ್ನೂ ಒಂದು ಸೋಮವಾರ ಬಾಕಿ ಇದೆ, ಅವತ್ತು ಸಮಾಧಾನವಾಗಿ ಇರುತ್ತೇನೆ.

ಏನೇ ಅವಸರವಿದ್ದರೂ ಕಾಗದದಲ್ಲಿ ಮೊದಲು ಕ್ಷೇಮ ಕೇಳಬೇಕು ಅಂತ ಊರಿನ ಸ್ಕೂಲಿನಲ್ಲಿ ಮೇಷ್ಟ್ರು ಕಲಿಸಿದ್ದರು. ಕೇಳಿದ್ದೇನೆ. ಬಿಪಿ ಮಾತ್ರೆ ಒಂದೇ ಪಟ್ಟಿ ತಗೊಂಡು ಹೋಗಿದ್ದೀರಿ, ಅದರಲ್ಲಿರುವುದು ಹತ್ತು. ನೀವು ಮನೆ ಬಿಟ್ಟು ಇವತ್ತಿಗೆ ಹತ್ತು ದಿನ. ನಾಳೆಗೇನು ಮಾಡುತ್ತೀರೋ ನಿಮಗೇ ಗೊತ್ತು. ಬೆಳಗಿನ ಚಳಿಗೆ ತಲೆಗೊಂದು ಬಟ್ಟೆ ಕಟ್ಟಿಕೊಳ್ಳಿ. ಇಷ್ಟು ಕೇಳಿದ್ದು ಮೇಷ್ಟ್ರ ಮಾತಿಗೆ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡಿ. ನಿಮ್ಮ ಫೋನು ಫ್ರಿಜ್ಜಿನ ಮೇಲೆ ನೀವಿಟ್ಟ ಜಾಗದಲ್ಲೇ ಇದೆ, ದಿನಕ್ಕೆ ನಾಲ್ಕು ಸಲ ಬಡಿದುಕೊಂಡು ಸುಮ್ಮನಾಗುತ್ತದೆ. ನಿಮ್ಮ ತಂಗಿ ಪಂಕಜಾಳ ಫೋನಿಗೆ ಮಾಡಿದರೆ ಅವಳು ಸ್ಪೀಕರಿಗೆ ಹಾಕುತ್ತಾಳೆ. ಗಂಡ ಹೆಂಡಿರ ಮಾತು ಹಿನಕಲ್ಲಿನ ಅರ್ಧ ಬೀದಿಗೆ ಕೇಳಬೇಕೆ? ಮೊನ್ನೆ ಮನಸ್ಸು ತಡೆಯದೆ ಒಂದು ಸಲ ಮಾಡಿದೆ. "ಅಣ್ಣ ಆರಾಮಾಗವ್ನೆ ಕಣತ್ಗೆ, ಗೇಮ್ ಆಡ್ಕಂಡವ್ನೆ, ನೀವ್ ತಲೆ ಕೆಡಿಸ್ಕೋಬ್ಯಾಡಿ" ಅಂದಳು. ತಲೆ ಕೆಡಿಸಿಕೊಳ್ಳದೆ ಏನು ಮಾಡಲಿ? ಆ ಗೇಮು ನಿಮ್ಮೊಬ್ಬರ ಆಸ್ತಿಯೇ? ಎಂಟು ವರ್ಷ ಕಾದಿದ್ದು ನೀವೊಬ್ಬರೇ?

ನೆನಪು ಮಾಡುತ್ತೇನೆ, ಮರೆತಿದ್ದರೆ ಕೇಳಿ. ಎಂಟು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳು ಮಂಚದ ಮೇಲಿದ್ದಿರಿ. ಹಾಲು ಕಾಯಿಸಿದರೂ ಬೈಗುಳ, ಕಾಯಿಸದಿದ್ದರೂ ಬೈಗುಳ. ನಿಮ್ಮ ಕಾಟ ತಡೆಯಲಾರದೆ ಧರಣಿ ತನ್ನ ಗೆಳತಿಯ ಮನೆಯಿಂದ ಒಂದು ಹಳೇ ಗೇಮಿನ ಮಿಷನ್ನು ತಂದು ಟಿವಿಗೆ ಸಿಕ್ಕಿಸಿದಳು. ಮನೆಗೆ ಶನಿ ಬಂತು ಅಂತ ನಾನು ಮೊದಲು ಬೈದದ್ದು ನಿಜ. ಆಮೇಲೆ ಆ ತೆಪ್ಪದ ಆಟ ಬಂತು. ಪ್ರವಾಹ ಬಂದ ಹೊಳೆ, ಒಂದು ತೆಪ್ಪ, ಒಬ್ಬ ಮುದುಕ ಅಂಬಿಗ, ದಡದಲ್ಲಿ ಸಿಕ್ಕಿಕೊಂಡ ಜನ. ಒಬ್ಬೊಬ್ಬರನ್ನೇ ಆಚೆ ದಾಟಿಸಬೇಕು. ತೆಪ್ಪ ಓಡಿಸುವ ರಿಮೋಟು ನಿಮ್ಮ ಕೈಯಲ್ಲಿ. ಬೀಟೆ ಮರದಲ್ಲಿ ಕೂದಲೆಳೆಯಷ್ಟು ಸಂದಿ ಬಿಡದೆ ತುಂಡು ಕೂರಿಸುವ ಇನ್‌ಲೇ ಕೆಲಸದ ಕೈ ಅದು, ತೆಪ್ಪವನ್ನು ಹಾವಿನ ಹಾಗೆ ನುಸುಳಿಸುತ್ತಿತ್ತು. ಆದರೆ ನೀವು ಬಾವಿ ನೀರಿನ ಊರಿನವರು. ನಾನು ಕಪಿಲೆಯ ದಡದವಳು. ಎಲ್ಲಿ ಸುಳಿ ಇದೆ, ಎಲ್ಲಿ ಬಂಡೆ ಮುಳುಗಿದೆ ಅಂತ ನೀರಿನ ಮೈ ನೋಡಿಯೇ ಹೇಳುತ್ತಿದ್ದೆ. ಎಡಕ್ಕೆ, ಇನ್ನೂ ಎಡಕ್ಕೆ, ಈಗ ಬಿಡಿ, ನೀರೇ ತಗೊಂಡು ಹೋಗುತ್ತದೆ. ನಮಗೆ ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ನಾನು ಹೇಳಿದ ದಾರಿಯಲ್ಲಿ ನೀವು ಹೋಗಿದ್ದು ಅದೇ ಮೊದಲು.

ಕೊನೆಯಲ್ಲಿ ಏನಾಯಿತು? ಎಲ್ಲರೂ ದಾಟಿದರು. ಆ ದಡದಲ್ಲಿ ಲಾಂದ್ರ ಹಿಡಿದುಕೊಂಡು ಒಬ್ಬಳು ಅಜ್ಜಿ ಉಳಿದಳು. ತನ್ನ ಸರದಿ ಬಂದಾಗಲೆಲ್ಲ ಬೇರೆಯವರನ್ನು ಮುಂದೆ ಕಳಿಸಿದವಳು. ಅವಳನ್ನು ಕರೆತರಲು ತೆಪ್ಪ ತಿರುಗಿಸಿದಿರಿ, ಹಗ್ಗ ಹರಿಯಿತು, ಟಿವಿ ಕಪ್ಪಾಯಿತು, ಮುಂದಿನ ಭಾಗದಲ್ಲಿ ನೋಡಿ ಅಂತ ಬಂತು. ನನಗೆ ಅವತ್ತು ಮುದ್ದೆ ಇಳಿಯಲಿಲ್ಲ. ಮಾರನೇ ದಿನ ತಾಯಿ ಚಾಮುಂಡಿಗೆ ಕೈಮುಗಿದು ಹರಕೆ ಹೊತ್ತೆ. ಅಜ್ಜಿ ಸುಖವಾಗಿ ಈ ದಡ ಸೇರಿದರೆ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟುಕೊಂಡು ಹತ್ತುತ್ತೇನೆ ಅಂತ. "ಟಿವಿ ಒಳಗಿನ್ ಮುದ್ಕಿಗೂ ಹರ್ಕೆ ಹೊತ್ಕಂಡ್ಯಲ್ಲೇ, ನಿನ್ ಮಂಡಿಗೆ ಯಾರೇ ಹರ್ಕೆ ಹೊರೋರು" ಅಂತ ನಕ್ಕಿರಿ, ವರ್ಕ್‌ಶಾಪಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದಿರಿ. ನಗಲಿ. ಪ್ರತಿ ಯುಗಾದಿಗೆ ಧರಣಿ ಮಂಗಳೂರಿನಿಂದ ಬಂದಾಗ ಬಾಗಿಲಲ್ಲೇ ನಿಲ್ಲಿಸಿಕೊಂಡು "ಎರಡ್ನೇ ಭಾಗ ಬಂತೇನವ್ವ?" ಅಂತ ಕೇಳುತ್ತಿದ್ದವರು ಯಾರು? ಈ ವರ್ಷ, ಬರುವ ವರ್ಷ, ಮತ್ತೆ ಮುಂದಕ್ಕೆ ಹೋಯಿತು ಅಂತ ಅವಳು ಹೇಳಿದಾಗಲೆಲ್ಲ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದವರು ಯಾರು?

ಅಂತೂ ಬಂತು. ಹೋದ ತಿಂಗಳ ಮೂವತ್ತೊಂದು, ಶುಕ್ರವಾರ. ಧರಣಿ ಕಳಿಸಿದ ಹೊಸ ಮಿಷನ್ನು, ಅದರೊಳಗೆ ಎರಡನೇ ಭಾಗ. ಡಬ್ಬ ನೋಡಿ ನನ್ನ ಎದೆ ಹೊಡೆದುಕೊಂಡಷ್ಟು ಹೆರಿಗೆಗೆ ತವರಿಗೆ ಹೋದಾಗಲೂ ಹೊಡೆದುಕೊಂಡಿರಲಿಲ್ಲ. ತಲೆ ಬಾಚಿಕೊಂಡು, ಒಳ್ಳೇ ಸೀರೆ ಉಟ್ಟುಕೊಂಡು, ದೇವರಿಗೆ ದೀಪ ಹಚ್ಚಿ, ಮಿಷನ್ನಿಗೂ ರಿಮೋಟಿಗೂ ಒಂದೊಂದು ಬೊಟ್ಟು ಕುಂಕುಮ ಇಟ್ಟು ಕೂತೆ. ಹೊಳೆ ಬಂತು ನೋಡಿ! ಅದೇ ಹೊಳೆ, ಆದರೆ ಈ ಸಲ ನೀರು ನಿಜವಾದ ನೀರಿನ ಹಾಗೇ ಮಿನುಗುತ್ತಿತ್ತು. ಅದೇ ಹಳೇ ಕೊಳಲು. ದೂರದ ದಡದಲ್ಲಿ ಒಂದು ಬೆಳಕಿನ ಚುಕ್ಕೆ. ಅಜ್ಜಿ ಇದ್ದಾಳೆ ಕಣ್ರೀ, ಬದುಕಿದ್ದಾಳೆ ಕಣ್ರೀ ಅಂತ ನಾನು ಕೂಗಿಯೇಬಿಟ್ಟೆ. ನಿಮ್ಮ ಕಣ್ಣಲ್ಲೂ ನೀರಿತ್ತು, ಇಲ್ಲ ಅನ್ನಬೇಡಿ.

ಆಮೇಲೆ ತೆಪ್ಪ ಮೊದಲನೇ ಬಂಡೆಗೇ ಬಡಿಯಿತು. ಇರಲಿ ಅಂದೆ. ಇನ್ನೊಂದು ಸಲ ಬಡಿಯಿತು. ಮೂರನೇ ಸಲ ಬಡಿದಾಗ ನೀವು ಏನೆಂದಿರಿ? "ನಿನ್ ಕುಂಕುಮ ಬಟನ್ ಸಂದಿಗೆ ಹೋಗದೆ, ಅದ್ಕೇ ಕಚ್ಕತದೆ" ಅಂದಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟೆ. ಮತ್ತೆ ಬಡಿಯಿತು. ಎಡಕ್ಕೆ ಅಂತ ನಾನು ಹೇಳುವುದಕ್ಕೂ ನೀವು ಸಿಡಿಯುವುದಕ್ಕೂ ಸರಿಹೋಯಿತು. "ಬಾಯ್ ಮುಚ್ಕಂಡಿದ್ರೆ ಸರ್ಯಾಗಿ ಓಡುಸ್ತೀನಿ. ನಿನ್ ವಟವಟದಿಂದ್ಲೇ ಆಗ್ತಿರೋದು ಇದು" ಅಂದಿರಿ. ಟಿವಿ ಆರಿಸಿದಿರಿ. ನನಗೆ ಬಾಯಿ ಮುಚ್ಚು ಅಂತ ನೀವು ಈ ಮೂವತ್ತು ವರ್ಷದಲ್ಲಿ ಬೇಕಾದಷ್ಟು ಸಲ ಅಂದಿದ್ದೀರಿ, ಅದೇನು ಹೊಸದಲ್ಲ. ಆದರೆ ಹೊಳೆಯ ವಿಷಯದಲ್ಲಿ ಅಂದಿರಲಿಲ್ಲ. ಆ ಒಂದು ಜಾಗದಲ್ಲಿ ನನ್ನ ಮಾತಿಗೆ ಬೆಲೆ ಇದೆ ಅಂತ ನಂಬಿಕೊಂಡಿದ್ದೆ. ಮಾರನೇ ದಿನ ರಾಜ್ಯೋತ್ಸವ. ಬೆಳಿಗ್ಗೆ ಹೂವು ತರಲು ಹೋಗಿದ್ದೆ. ಬರುವಷ್ಟರಲ್ಲಿ ನೀವೂ ಇಲ್ಲ, ಮಿಷನ್ನೂ ಇಲ್ಲ. ಮಿಷನ್ನು ಬಂದ ಡಬ್ಬ ಮಾತ್ರ ಬಾಯಿ ತೆರೆದುಕೊಂಡು ಬಿದ್ದಿತ್ತು. ಎದುರು ಮನೆ ಗೌತಮಿಗೆ ಹೇಳಿ ಹೋದಿರಂತೆ, "ಗಲಾಟೆ ಇಲ್ದಿರೋ ಕಡೆ ಆಡ್ಬೇಕು, ತಂಗಿ ಮನೇಗ್ ಹೋಗಿವ್ನಿ ಅಂತ ಯೋಳಿ" ಅಂತ. ಗಲಾಟೆ! ಗೌತಮಿ ನಗು ತಡೆದುಕೊಂಡು ಹೇಳಿದಳು. ನಾನು ನಿಂತಲ್ಲೇ ನೆಲಕ್ಕಿಳಿದು ಹೋದೆ.

ಇದೊಂದೇ ಅಲ್ಲ. ನಿಮ್ಮ ನಡತೆ ಗೌರಿ ಹಬ್ಬದಿಂದಲೇ ಸರಿಯಿಲ್ಲ. ಹಬ್ಬದ ದಿನ ಮಂಗಳಾರತಿ ತಟ್ಟೆ ಕೊಟ್ಟರೆ "ನೀನೇ ಎತ್ತು" ಅಂದಿರಿ. ಅವತ್ತಿನಿಂದ ಇವತ್ತಿನವರೆಗೆ ತಟ್ಟೆ ಮುಟ್ಟಿಲ್ಲ. ಮನೆಯ ಗಂಡಸಿಗೆ ದೇವರು ಬೇಡವಾದರೆ ನಾನೊಬ್ಬಳು ಉಪವಾಸ ಮಾಡಿ ಏನು ಬಂತು? ಕಾಫಿ ಲೋಟ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಮುಖ ಗಂಟು ಹಾಕುತ್ತೀರಿ, ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಕುಡಿಯುತ್ತೀರಿ, ನನ್ನ ಮುಖ ನೋಡಿಕೊಂಡು ಕಾಫಿ ಕುಡಿಯುವುದೂ ಆಗದಷ್ಟು ಬೇಡವಾದೆನೇ? ದಸರಾ ಕಳೆದ ಮೇಲೆ ವರ್ಕ್‌ಶಾಪಿಗೂ ಹೋಗಿಲ್ಲ, ಆರ್ಡರ್ ಇಲ್ಲ ಅಂತೀರಿ. ಮೊನ್ನೆ ನಿಮ್ಮ ಜೊತೆಯ ವಿಜಯ್‌ಕುಮಾರ್ ಸಂತೆಪೇಟೆಯಲ್ಲಿ ಸಿಕ್ಕಿದ್ದರು, ಕೈತುಂಬ ಕೆಲಸವಿದೆ ಅಂದರು. ನನ್ನ ಹತ್ತಿರ ಸುಳ್ಳು ಯಾಕೆ?

ಈಗ ಮುಖ್ಯವಾದ ಮಾತು. ಹತ್ತು ದಿನದಿಂದ ಕೂತು ಆಡುತ್ತಿದ್ದೀರಿ ಅಂದ ಮೇಲೆ ಅಜ್ಜಿಯನ್ನು ಈ ಹೊತ್ತಿಗೆ ದಾಟಿಸಿಯೇ ಇರುತ್ತೀರಿ. ಹರಕೆ ಹೊತ್ತವಳು ನಾನು, ಕಣ್ಣಾರೆ ನೋಡುವವರು ಪಂಕಜಾ ಮತ್ತು ಅವಳ ಮಗಳು. ಅಲ್ಲಿ ಕೈ ತಟ್ಟಿ ನಕ್ಕಿರಬೇಕು ಎಲ್ಲರೂ. ಅಜ್ಜಿ ದಾಟಿದ್ದರೆ ನನ್ನ ಹರಕೆ ಆ ಗಳಿಗೆಯಿಂದ ತೀರಿಸಬೇಕಾದದ್ದು. ತಾಯಿಗೆ ಕೊಟ್ಟ ಮಾತನ್ನು ಗೊತ್ತಿಲ್ಲದೆ ತಡಮಾಡಿದರೂ ತಪ್ಪು ತಪ್ಪೇ, ಅದರ ಪಾಪ ನಿಮ್ಮ ತಲೆಗೆ. ದಾಟಿದಳೋ ಇಲ್ಲವೋ, ಅದೊಂದು ಮಾತು ಬರೆದು ತಿಳಿಸಿ. ಆಮೇಲೆ ಎಷ್ಟು ದಿನ ಬೇಕಾದರೂ ತಂಗಿ ಮನೆಯಲ್ಲೇ ಇರಿ. ಕಾಫಿ ಅವಳೇ ಅರ್ಧ ಲೋಟ ಕೊಡುತ್ತಾಳೆ.

ಪಂಕಜಾಳಿಗೆ ನಾನು ಕೇಳಿದೆ ಅಂತ ಹೇಳಿ, ಅವಳ ತಪ್ಪೇನಿಲ್ಲ. ಸಂಜೆ ಈಶ್ವರನಿಗೆ ದೀಪ ಹಚ್ಚುವಾಗ ನಿಮ್ಮ ಹೆಸರಿನಲ್ಲೂ ಒಂದು ಬತ್ತಿ ಇಡುತ್ತೇನೆ. ಅದು ಕೋಪಕ್ಕೆ ಸೇರಿದ್ದಲ್ಲ, ಬೇರೆ ಲೆಕ್ಕ.

ಬಾಯಿ ಮುಚ್ಚಿಕೊಂಡು ಹತ್ತು ದಿನದಿಂದ ಮನೆಯಲ್ಲಿರುವ,
ಪುಟ್ಟಲಿಂಗಮ್ಮ

ತಾ. ಕ.: ಮಧ್ಯಾಹ್ನ ಮೂರೂವರೆ. ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ನಿಮ್ಮ ಮಾತ್ರೆಗೆ ಅಂತ ಪಂಕಜಾ ಮಗಳು ಸಿಂಚನಾಳನ್ನು ಕಳಿಸಿದ್ದಾಳೆ. ಚಪ್ಪಲಿ ಬಿಡುವ ಮೊದಲೇ ಕೇಳಿದೆ, ಅಜ್ಜಿ ದಾಟಿದಳೇನೇ ಅಂತ. "ಎಲ್ಲತ್ತೆ, ಮಾವ ಇನ್ನೂ ಮೊದ್ಲನೇ ಬಂಡೇನೇ ದಾಟಿಲ್ಲ" ಅಂದಳು. ಯಾಕೆ ಅಂತ ಗದರಿದ ಮೇಲೆ ಬಾಯಿ ಬಿಟ್ಟಳು. "ಬಲಗೈ ನಡುಗ್ತದೆ ಅತ್ತೆ. ಹೆಬ್ಬೆಟ್ಟು ನಿಲ್ಲಲ್ಲ. ನಾನು ಒತ್ತಲಾ ಅಂದ್ರೂ ಕೊಡಲ್ಲ. 'ನಿಮ್ಮತ್ತೆ ಮುಂದೆ ಸರ್ಯಾಗಿ ಓಡುಸ್ಬೇಕು ಕಣವ್ವ, ಅಲ್ಲೀಗಂಟ ಅವ್ಳಿಗೆ ಯೋಳ್ಬ್ಯಾಡ' ಅಂತಾರೆ. ಬೆಳಿಗ್ಗೆಯಿಂದ ಸಂಜೆವರೆಗೂ ಅದೇ ಬಂಡೆ ಅತ್ತೆ" ಅಂದಳು.

ಮೇಲೆ ಬರೆದದ್ದನ್ನು ಹರಿದು ಹಾಕುವುದಿಲ್ಲ, ಓದಿಕೊಳ್ಳಿ. ನನ್ನ ಕೋಪ ಇಳಿದಿಲ್ಲ, ಏರಿದೆ. ಮಂಗಳಾರತಿ ತಟ್ಟೆ ಯಾಕೆ ಮುಟ್ಟಲಿಲ್ಲ, ಅರ್ಧ ಲೋಟ ಯಾಕೆ, ವರ್ಕ್‌ಶಾಪು ಯಾಕೆ ಬಿಟ್ಟಿರಿ, ಎಲ್ಲ ಈಗ ಗೊತ್ತಾಯಿತು. ದೀಪ ಕೈಜಾರಿ ಬಿದ್ದರೆ ಬೀಳಲಿ ಅಂತ ತಟ್ಟೆ ಎತ್ತಬೇಕಿತ್ತು, ನಾನು ಹಿಡಿದುಕೊಳ್ಳುತ್ತಿದ್ದೆ. ಕೈ ನಡುಗುವುದು ತಂಗಿಗೆ ಗೊತ್ತು, ತಂಗಿ ಮಗಳಿಗೆ ಗೊತ್ತು, ಕಟ್ಟಿಕೊಂಡವಳಿಗೆ ಮಾತ್ರ ಬಾಯಿ ಮುಚ್ಚು. ಅದೂ ಸಾಲದೆ ದೇವರ ಕುಂಕುಮದ ಮೇಲೆ ಅಪವಾದ! ಹತ್ತು ದಿನದಿಂದ ನನ್ನ ಕುಂಕುಮದಿಂದಲೇ ಮಿಷನ್ನು ಕೆಟ್ಟಿತೇನೋ ಅಂತ ಒಳಗೊಳಗೇ ಬೇಯುತ್ತಿದ್ದೇನೆ.

ಧರಣಿಗೆ ಈಗಲೇ ಫೋನ್ ಮಾಡಿದೆ. ಗುರುವಾರ ರಜೆ ಹಾಕಿ ಬರುತ್ತಾಳೆ, ಮೂವರೂ ಡಾಕ್ಟರ ಹತ್ತಿರ ಹೋಗುವುದು. ಬರುವುದಿಲ್ಲ ಅಂದರೆ ಹಿನಕಲ್ಲಿಗೇ ಬಂದು ಪಂಕಜಾಳ ಬೀದಿಯಲ್ಲಿ ನಿಂತು ಕೂಗುತ್ತೇನೆ, ಅದಕ್ಕೆ ಸ್ಪೀಕರ್ ಬೇಕಾಗಿಲ್ಲ. ನಾಳೆ ಸಂಜೆಯೊಳಗೆ ಮಿಷನ್ನು ತಗೊಂಡು ಬನ್ನಿ. ಇನ್ನು ಮೇಲೆ ಬಟನ್ ನಾನು ಒತ್ತುತ್ತೇನೆ, ಕಲಿಯುತ್ತೇನೆ, ಏಳನೇ ಕ್ಲಾಸು ಪಾಸಾದವಳು. ನೀವು ಪಕ್ಕದಲ್ಲಿ ಕೂತು ಯಾವ ಬಟನ್ ಅಂತ ಹೇಳಿ. ನೂರು ಸಲ ಬಂಡೆಗೆ ಬಡಿದರೂ ನಿಮಗೆ ಬಾಯಿ ಮುಚ್ಚಿ ಅನ್ನುವುದಿಲ್ಲ. ಅಜ್ಜಿ ಎಂಟು ವರ್ಷ ಕಾದಿದ್ದಾಳೆ, ಇನ್ನು ನಾಲ್ಕು ದಿನ ಕಾಯುತ್ತಾಳೆ. ಅವಳು ದಾಟಿದ ದಿನ ಬೆಟ್ಟ ಹತ್ತುವಾಗ ಕುಂಕುಮದ ಬಟ್ಟಲು ಹಿಡಿಯುವವರು ನೀವೇ. ಚೆಲ್ಲಿದರೆ ಮೆಟ್ಟಿಲ ಮೇಲೇ ತಾನೆ ಚೆಲ್ಲುವುದು.

ಸಿಂಚನಾಳಿಗೆ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ನಿಮ್ಮ ಉತ್ತರ ಇಸಿದುಕೊಂಡು ಇಲ್ಲಿಗೆ ತಂದುಕೊಡಲಿ. ಅವಳ ಕೈಲಿ ಬರೆಸಬೇಡಿ. ನಿಮ್ಮ ಕೈಯಲ್ಲೇ ಬರೆಯಿರಿ, ಅಕ್ಷರ ಹೇಗೆ ಬಂದರೂ ಸರಿ. ನಾನು ಓದಿಕೊಳ್ಳುತ್ತೇನೆ.