ಮಹಡಿ ಮನೆಯ ಮಣಿಗಿಳಿ

ಅಮ್ಮ,

ನನಗೆ ಕೈಕೆಲಸ ಬರುವುದಿಲ್ಲ. ಪೆರಂಬೂರಿನ ಈ ರೈಲ್ವೆ ಕ್ವಾರ್ಟರ್ಸಿಗೆಲ್ಲ ಗೊತ್ತಿರುವ ವಿಷಯ, ನಿನ್ನೆ ನನ್ನನ್ನು ನೋಡಲು ಬಂದ ಗಂಡಿನ ತಾಯಿಗೆ ಮಾತ್ರ ಗೊತ್ತಾಗದು ಎಂದು ನೀನು ನಂಬಿದ್ದೆ.

ಮಹಡಿ ಮನೆಯ ಕಲಾವತಿ ಮಾಡಿದ್ದನ್ನೆಲ್ಲ ಎರವಲು ತಂದು ಮನೆ ಸಿಂಗರಿಸಿದೆ. "ಎಲ್ಲಾ ನಮ್ಮ ಸುಮತೀನೇ ಮಾಡಿದ್ದು" ಅಂದೆ. ನಂಬಿಕೆ ಬರಲೆಂದು ಅರ್ಧ ಹೆಣೆದ ವೈರ್ ಬುಟ್ಟಿಯನ್ನೂ ನನ್ನ ಪಕ್ಕದಲ್ಲಿಟ್ಟೆ. ಗಂಡಿನ ತಾಯಿ ಅದನ್ನೇ ಎತ್ತಿ ನನ್ನ ಕೈಗೆ ಕೊಟ್ಟರು. "ಎಲ್ಲಿ, ಒಂದು ಗಂಟು ಹಾಕಿ ತೋರ್ಸಮ್ಮ, ನಾನೂ ಕಲ್ತ್ಕೋತೀನಿ."

"ಅವ್ಳಿಗೆ ನಾಚಿಕೆ" ಎಂದು ನೀನು ಅಡ್ಡ ಬಂದೆ. ನಾಚಿಕೆಯಲ್ಲ, ಬರುವುದಿಲ್ಲ ಎಂದು ನಾನೇ ಹೇಳಿದೆ. ಅದಕ್ಕೆ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದೀಯ. ಆದರೆ ಹೊರಡುವಾಗ ಆಕೆ ಕೇಳಿದ್ದು ನಿನಗೂ ಕೇಳಿಸಿತು: "ಹಾಗಾದ್ರೆ ಮಾಡಿದ ಹುಡುಗಿ ಯಾರು? ಮದ್ವೆ ಆಗಿದ್ಯಾ?"

ಪ್ಯಾರೀಸ್ ಕಾರ್ನರಿನ ಅಂಗಡಿಗಳಲ್ಲಿ ಅಂಥ ಬುಟ್ಟಿ ರಾಶಿ ಬಿದ್ದಿರುತ್ತದೆ. ಅದಕ್ಕಾಗಿ ಯಾರೂ ಮದುವೆಯಾಗಬೇಕಿಲ್ಲ.

ಬಾಗಿಲ ಮಣಿಪರದೆ, ರೇಡಿಯೋ ಮೇಲಿನ ಕಸೂತಿ ಬಟ್ಟೆ, ಬುಟ್ಟಿ ಎಲ್ಲವನ್ನೂ ಇವತ್ತೇ ಮೇಲೆ ಕೊಟ್ಟುಬಿಡು. ಭಾನುವಾರ ಅದೇ ಜನ ಕಲಾವತಿಯನ್ನು ನೋಡಲು ಬರುತ್ತಾರೆ, ಅವಳಿಗೇ ಬೇಕಾಗುತ್ತದೆ.

ನೀನು ಮಂಚದ ಕೆಳಗೆ ಅಡಗಿಸಿದ್ದ ಲೈಬ್ರರಿ ಪುಸ್ತಕಗಳನ್ನು ತೆಗೆದುಕೊಂಡು ಹಾಸ್ಟೆಲಿಗೆ ಹೊರಟಿದ್ದೇನೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಅಳುವುದಾದರೆ ತಿಂದು ಅಳು.

ಗೋಡೆಯ ಮಣಿಗಿಳಿಯನ್ನು ಇಳಿಸುವಾಗ ನನ್ನ ಕೈತಪ್ಪಿ ಅದರ ಕಣ್ಣಿನ ಮಣಿ ಉದುರಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಕಲಾವತಿಗೆ ಈ ಸಲವಾದರೂ ನಿಜ ಹೇಳು.

ಒಟ್ಟು ಹೋದದ್ದು ಇಷ್ಟೇ: ಗಿಳಿಯ ಒಂದು ಕಣ್ಣು, ಒಬ್ಬ ಗಂಡು.