ಬೇಡವೆಂದ ಇಪ್ಪತ್ತೆರಡು

ಪಾದುವಾ, ಜುಲೈ

ಅಕ್ಕಾ,

ಇವತ್ತು ಪದವಿಯ ಎರಡನೆಯ ವರ್ಷದ ಜೀವಭೌತಶಾಸ್ತ್ರದ ಮೌಖಿಕ ಪರೀಕ್ಷೆ ಇತ್ತು. ನನ್ನ ಮಗನ ವಯಸ್ಸಿನ ಸಹಪಾಠಿಗಳೆಲ್ಲ ಹಿಂದೆ ಕೂತು ಕೇಳುತ್ತಿದ್ದರು. ಸುಮ್ಮನಿರುವ ನರಕೋಶ ಏನು ಮಾಡುತ್ತಿರುತ್ತದೆ ಎಂಬುದು ಪ್ರಶ್ನೆ. ಸುಮ್ಮನಿರುವುದಕ್ಕೇ ಅದು ತನ್ನ ಶಕ್ತಿಯ ದೊಡ್ಡ ಪಾಲನ್ನು ಖರ್ಚು ಮಾಡುತ್ತದೆ ಎಂದೆ. ಲೆಕ್ಕದಲ್ಲಿ ಮಾತ್ರ ತಡವರಿಸಿದೆ.

ಪ್ರೊಫೆಸರ್ ಫುರ್ಲಾನ್ ಮೀನು ಮಾರುವವರ ಹಾಗೆ ಕೇಳಿದರು: "ಮೂವತ್ತಕ್ಕೆ ಇಪ್ಪತ್ತೆರಡು, ಮೇಡಂ. ತಗೋತೀರಾ, ಬಿಡ್ತೀರಾ?"

ಇಲ್ಲಿ ಕೊಟ್ಟ ಅಂಕ ಬೇಡವೆನ್ನಬಹುದು; ಆಗ ಪರೀಕ್ಷೆ ಮತ್ತೆ ಮೊದಲಿನಿಂದ.

"ತಗೊಂಬಿಡಿ ಆಂಟಿ, ನಿಮ್ ವಯಸ್ಸಿಗೆ ಇದೇ ಜಾಸ್ತಿ!" ಎಂದಳು ಹಿಂದಿನಿಂದ ಒಬ್ಬಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಪಾಪ. ಆದರೆ ನಿನ್ನ ಹಳೆಯ ಕೋಟಿನಿಂದ ಹಿಡಿದು, ನೀನು ಒಲ್ಲೆನೆಂದ ಮೇಲೆ ನನ್ನ ಪಾಲಿಗೆ ಬಂದ ಗಂಡನವರೆಗೆ (ತೆರೆದ ಕಾರ್ಡು ಇದು, ಅಂಚೆಯವನು ಓದಿದರೆ ಓದಲಿ), ಕೊಟ್ಟದ್ದನ್ನೆಲ್ಲ ಸುಮ್ಮನೆ ತೆಗೆದುಕೊಂಡವಳು ನಾನು.

"ಬೇಡ" ಎಂದೆ. ಅದು ಹೆಮ್ಮೆಯೋ ಪೆದ್ದುತನವೋ ಇನ್ನೂ ತಿಳಿಯುತ್ತಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ. ಆಗಸ್ಟಿನಲ್ಲಿ ಮನೆಯಲ್ಲಿ ವರ್ಷಕ್ಕಾಗುವ ಟೊಮೆಟೊ ಸಾಸ್ ಕುದಿಸಲು ನನಗಾಗಿ ಕಾಯಬೇಡ. ರಾತ್ರಿಯೆಲ್ಲ ಓದಿ ಬಂದಿದ್ದ ಕಣ್ಣುರಿ ಕಡಿಮೆಯಾಗಿದೆ. ಅಮ್ಮನಿಗೆ ನಾನು ಫೇಲಾದೆ ಎಂದೇ ಹೇಳು. ಬೇಡವೆಂದೆ ಎಂದರೆ ನಂಬುವುದಿಲ್ಲ.

ನಿನ್ನ ತಂಗಿ,
ಒರ್ನೆಲ್ಲಾ