ಚೀಟಿ ಬರೆದು ಕೊಡಲಿಲ್ಲ

ಜೂನ್ ೧೪, ಶುಕ್ರವಾರ

ಊಟಕ್ಕೆ ಕೂತರೂ ತಿಮ್ಮವ್ವನ ಮುಖವೇ ಕಣ್ಣಮುಂದೆ.

ದೇವದುರ್ಗದಿಂದ ಕೂಲಿಗೆ ಬಂದು, ರಾಯಚೂರಿನಲ್ಲಿ ನಮ್ಮ ಸರ್ಕಾರಿ ಪ್ರಯೋಗಾಲಯದ ಗೋಡೆಯ ಹಿಂದೆಯೇ ಮನೆ ಕಟ್ಟಿಕೊಂಡ ಮುದುಕಿ. ಬೋರಿನ ನೀರು ನಾರುತ್ತದೆಂದು ಹೋದ ತಿಂಗಳು ಒಂದು ಬಾಟಲಿ ತಂದುಕೊಟ್ಟಿದ್ದಳು. ಸಾಹೇಬರಿಗೆ ಹೇಳದೆ ನಾನೇ ಪರೀಕ್ಷೆ ಮಾಡಿದೆ. ನಾವು ಹಿತ್ತಲ ಗುಂಡಿಗೆ ಸುರಿಯುವ ರಾಸಾಯನಿಕವೇ ಅದರಲ್ಲಿತ್ತು. ಇವತ್ತು ವರದಿ ತೋರಿಸಿದರೆ ಸಾಹೇಬರು ಪೂರ್ತಿ ಓದಲೂ ಇಲ್ಲ. “ಇದು ನಿನ್ನ ಕೆಲಸ ಅಲ್ಲ, ಸುಜಾತಾ” ಎಂದು ಡ್ರಾವರಿನೊಳಗೆ ಹಾಕಿ ಕೀಲಿ ತಿರುಗಿಸಿದರು.

ಸಂಜೆ ಮಾನ್ವಿ ಬಸ್ಸಿಗೆ ನಿಂತಾಗ ತಿಮ್ಮವ್ವ ಬಂದಳು.

“ಏನಾತವ್ವಾ, ನಮ್ಮ ನೀರಿಂದು?”

“ಕುಡೀಬ್ಯಾಡ್ರಿ ಯವ್ವಾ.”

“ಹಂಗಾದ್ರ ಒಂದು ಚೀಟಿ ಬರ್ದು ಕೊಡು. ನಳ ಹಾಕಿಸ್ರಿ ಅಂತ ಕೇಳಾಕ ಹೋದ್ರ ನಮ್ಮ ಬಾಯಿಮಾತು ಯಾರು ನಂಬ್ತಾರ?”

ಚೀಲದಲ್ಲಿ ಪೆನ್ನಿತ್ತು, ಹಾಳೆಯೂ ಇತ್ತು. “ನಾಳಿ ನೋಡೋಣ್ರಿ” ಅಂದುಬಿಟ್ಟೆ. ಅವಳಿಗೆ ತಿಳಿಯಿತು.

“ಹೋಗ್ಲಿ ಬಿಡವ್ವಾ. ಮಕ್ಕಳ ತಾಯಿ ನೀನು, ನಿನ್ನ ನೌಕರಿ ಉಳೀಲಿ.”

ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಾಹೇಬರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಮನೆ ಮುಟ್ಟುವ ಹೊತ್ತಿಗೆ ಬೈಸಿಕೊಳ್ಳಲು ನಾನೊಬ್ಬಳೇ ಉಳಿದಿದ್ದೆ.

ಇಲ್ಲಿ ಮಾತ್ರ ಎಷ್ಟು ಸಲೀಸಾಗಿ ಬರೆಯುತ್ತೇನೆ: ಆ ನೀರು ಕುಡಿಯಬಾರದು, ಅದನ್ನು ಕೆಡಿಸಿದವರು ನಾವೇ. ಬೇಕಾದರೆ ಕೆಳಗೆ ಸಹಿಯನ್ನೂ ಹಾಕಬಲ್ಲೆ. ಆದರೆ ಈ ಪುಸ್ತಕ ಓದುವವಳು ನಾನೊಬ್ಬಳೇ. ಅಲ್ಲಿ ಆ ಮುದುಕಿ ಅದೇ ಬೋರಿನಿಂದ ಕೊಡ ತುಂಬಿಟ್ಟು…